ಗಡಿನಾಡಿನ ಮಕ್ಕಳಿಗೆ ಲಾ ಸ್ಕೂಲ್ ಆಯ್ಕೆ: ಕ್ಲಾಟ್ ಪಟ್ಟಿಯಲ್ಲಿ ಯಾವುದು ಮೇಲೆ, ಯಾವುದು ಕೆಳಗೆ

ಕ್ಲಾಟ್ ರ್‍ಯಾಂಕ್ (ಕ್ಲಾಟ್ ಎಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬಂದ ಕೂಡಲೇ ಕಾಸರಗೋಡಿನ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಬೆಂಗಳೂರು ಸಿಕ್ಕೀತೇ?’ ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಹುಡುಗ ಅಥವಾ ಹುಡುಗಿಯನ್ನು ಯಾವ ರಾಜ್ಯ ತನ್ನವರೆಂದು ಲೆಕ್ಕ ಹಾಕುತ್ತದೆ? ಕಾಗದದ ಮೇಲೆ ಇದಕ್ಕೆ ಸಿಗುವ ಉತ್ತರ, ಮನೆಯಲ್ಲಿ ಆಡುವ ಭಾಷೆಯನ್ನು ನೋಡಿ ನಾವು ಕೊಟ್ಟುಕೊಳ್ಳುವ ಉತ್ತರವಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಸೀಟುಗಳ ಒಂದು ಭಾಗವನ್ನು ತಮ್ಮ ರಾಜ್ಯದವರಿಗೆ ಇಡುತ್ತವೆ. ಆ ಸೀಟುಗಳಿಗೆ ಬೇಕಾಗುವ ರ್‍ಯಾಂಕ್‌ಗೂ ಅಖಿಲ ಭಾರತ ಸೀಟಿಗೆ ಬೇಕಾಗುವ ರ್‍ಯಾಂಕ್‌ಗೂ ದೊಡ್ಡ ಅಂತರ ಇರುತ್ತದೆ. ಗಡಿಯಲ್ಲಿ ಇರುವವರು ಈ ಲೆಕ್ಕ ಗೊತ್ತಿಲ್ಲದೆ ಸಿಗಬಹುದಾದ ಸೀಟನ್ನು ಕಳೆದುಕೊಳ್ಳುತ್ತಾರೆ. ಸಿಗದ ಸೀಟನ್ನು ನಂಬಿ ಕೂರುವವರೂ ಇದ್ದಾರೆ.

ಬೆಂಗಳೂರಿನ 25 ಶೇಕಡಾ ನಮಗಲ್ಲ

ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್ (ಎನ್‌ಎಲ್‌ಎಸ್‌ಐಯು) ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡಾ 25 ಸೀಟು ಇಡುತ್ತದೆ. ಆದರೆ ಅಲ್ಲಿ ‘ಕರ್ನಾಟಕದ ವಿದ್ಯಾರ್ಥಿ’ ಎಂದರೆ ಕರ್ನಾಟಕದೊಳಗಿನ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು. ಮಾತೃಭಾಷೆ, ಮನೆ ಇರುವ ಊರು, ಅಪ್ಪ ಅಮ್ಮನ ಮೂಲ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. ಓದಿದ ವರ್ಷಗಳನ್ನು ಮಾತ್ರ ಎಣಿಸುತ್ತಾರೆ.

ಗೊಂದಲ ಹುಟ್ಟುವುದು ಸಿಇಟಿಯಿಂದ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತೆ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಕಡೆಯವರೂ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದವರೂ ಅದರ ಮೂಲಕ ಎಂಜಿನಿಯರಿಂಗ್ ಮತ್ತಿತರ ಸೀಟುಗಳಿಗೆ ಹೋಗುತ್ತಾರೆ. ಅಕ್ಕ ಅಥವಾ ಅಣ್ಣ ಆ ದಾರಿಯಲ್ಲಿ ಎಂಜಿನಿಯರಿಂಗಿಗೆ ಹೋದ ಮನೆಯಲ್ಲಿ ತಮ್ಮನ ಲಾ ಸೀಟಿಗೂ ಅದೇ ಪ್ರಮಾಣಪತ್ರ ನಡೆಯುತ್ತದೆ ಎಂದುಕೊಳ್ಳುವುದು ಸಹಜ. ಕ್ಲಾಟ್‌ನಲ್ಲಿ ಅದು ನಡೆಯುವುದಿಲ್ಲ. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತನಕ ಓದಿ, ಪಿಯುಸಿಗೆ ಪುತ್ತೂರಿಗೋ ಮಂಗಳೂರಿಗೋ ಹೋದವರ ಲೆಕ್ಕಕ್ಕೆ ಬರುವುದು ಎರಡೇ ವರ್ಷ. ಅವರಿಗೆ ಬೆಂಗಳೂರು ಬೇಕೆಂದರೆ ಅಖಿಲ ಭಾರತ ಸೀಟಿನಲ್ಲೇ ಗೆಲ್ಲಬೇಕು.

ಇದಕ್ಕೆ ತಿರುಗುಮುರುಗಾದ ಪ್ರಕರಣವೂ ಇದೆ, ಅದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಮನೆ ಮಂಜೇಶ್ವರದಲ್ಲಿದ್ದು, ಒಂದನೆಯ ಕ್ಲಾಸಿನಿಂದಲೇ ಗಡಿಯಾಚೆ ಮಂಗಳೂರಿನ ಶಾಲೆಗೆ ಹೋಗಿ ಬಂದ ಮಗುವಿಗೆ ಹತ್ತು ವರ್ಷ ಆರಾಮವಾಗಿ ತುಂಬುತ್ತದೆ. ಅಂಥವರು ಎಲ್ಲ ಶಾಲೆಗಳಿಂದ ಓದಿದ ಅವಧಿಯ ಪತ್ರವನ್ನು, ವರ್ಷವೂ ತರಗತಿಯೂ ನಮೂದಾಗಿರುವಂತೆ, ಅರ್ಜಿ ಹಾಕುವ ಮೊದಲೇ ತಂದಿಟ್ಟುಕೊಳ್ಳಬೇಕು. ಒಂದು ಶಾಲೆ ಮುಚ್ಚಿದ್ದರೆ ಆ ದಾಖಲೆ ಶಿಕ್ಷಣ ಇಲಾಖೆಯ ಬಿಇಒ ಕಚೇರಿಯಿಂದ ಬರಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ.

ನಮ್ಮ ಪಾಲಿನ ಬಾಗಿಲು ಕಳಮಶ್ಶೇರಿಯಲ್ಲಿದೆ

ಕೊಚ್ಚಿಯ ಕಳಮಶ್ಶೇರಿಯಲ್ಲಿರುವ ಕೇರಳದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ನುವಾಲ್ಸ್ 2005ರಲ್ಲಿ ಶುರುವಾದದ್ದು. ಕೇರಳದವರಿಗೆಂದೇ ಅಲ್ಲಿ ಪ್ರತ್ಯೇಕ ಸೀಟುಗಳಿವೆ, ಅವುಗಳೊಳಗೆ ಮೀಸಲಾತಿಯ ವಿಂಗಡಣೆಯೂ ಇದೆ. ಕಾಸರಗೋಡು ಜಿಲ್ಲೆಯ ಕನ್ನಡಿಗರು, ತುಳುವರು, ಹವ್ಯಕರು, ಕೊಂಕಣಿಗರು, ಮರಾಟಿಗರು ಎಲ್ಲರೂ ಇಲ್ಲಿ ಕೇರಳದವರೇ. ಬೆಂಗಳೂರಿನ ಕನಸು ಕಾಣುತ್ತಾ ಕ್ಲಾಟ್ ಅರ್ಜಿಯಲ್ಲಿ ರಾಜ್ಯದ ಕಾಲಂ ಖಾಲಿ ಬಿಟ್ಟವರಿಗೆ, ಇಲ್ಲವೇ ‘ಕರ್ನಾಟಕ’ ಎಂದು ಒತ್ತಿದವರಿಗೆ ಈ ಬಾಗಿಲು ಮುಚ್ಚುತ್ತದೆ. ಅರ್ಜಿಯ ಕೊನೆಯ ದಿನ ದಾಟಿದ ಮೇಲೆ ಅದನ್ನು ತಿದ್ದಿಸುವುದು ಬಹಳ ಕಷ್ಟ. ಆದ್ದರಿಂದ ಅರ್ಜಿ ತುಂಬುವ ದಿನ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಈ ಕಾಲಂಗೆ.

ಮೀಸಲಾತಿ ಅಥವಾ ರಾಜ್ಯದ ಕೋಟಾ ನಮೂದಿಸಿದರೆ ಸಾಮಾನ್ಯ ಸೀಟು ಕೈತಪ್ಪುತ್ತದೆ ಎಂಬ ಹೆದರಿಕೆ ಬೇಡ. ರ್‍ಯಾಂಕ್ ಒಳ್ಳೆಯದಿದ್ದರೆ ಸಾಮಾನ್ಯ ಸೀಟಿಗೂ ಪರಿಗಣಿಸುತ್ತಾರೆ. ಇರುವುದನ್ನು ಬರೆಯದೆ ಬಿಟ್ಟರೆ ಮಾತ್ರ ನಷ್ಟ.

ಕೇರಳದವರೆಂದು ತೋರಿಸಲು ಬೇಕಾದದ್ದು ನೇಟಿವಿಟಿ ಸರ್ಟಿಫಿಕೇಟ್. ಕೇರಳ ಸರಕಾರದ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಇ-ಡಿಸ್ಟ್ರಿಕ್ಟ್ ಮೂಲಕ ಅರ್ಜಿ ಕೊಟ್ಟರೆ ವಿಲೇಜ್ ಆಫೀಸಿನ ಪರಿಶೀಲನೆಯಾಗಿ ಬರುತ್ತದೆ. ಇಲ್ಲಿ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಹೆಸರು. ಶಾಲೆಯ ದಾಖಲೆಯಲ್ಲಿ ಹೆಸರಿನ ಕೊನೆಗೆ ‘ಕೆ.’ ಎಂದು ಒಂದೇ ಅಕ್ಷರ, ಆಧಾರ್‌ನಲ್ಲಿ ಅದನ್ನು ಬಿಡಿಸಿ ‘ಕಿಳಿಂಗಾರು’, ಅಪ್ಪನ ರೇಷನ್ ಕಾರ್ಡಿನಲ್ಲಿ ಮಲಯಾಳದ ಉಚ್ಚಾರಕ್ಕೆ ತಕ್ಕ ಇಂಗ್ಲಿಷ್ ಸ್ಪೆಲ್ಲಿಂಗ್: ಹೀಗೆ ಒಬ್ಬನೇ ಮನುಷ್ಯ ಮೂರು ಹೆಸರಾಗಿರುತ್ತಾನೆ. ಹತ್ತನೆಯ ಪರೀಕ್ಷೆಯ ಪ್ರಮಾಣಪತ್ರದಲ್ಲಿ ಹೇಗಿದೆಯೋ ಕ್ಲಾಟ್ ಅರ್ಜಿಯಲ್ಲೂ ಹಾಗೆಯೇ, ಅಕ್ಷರಕ್ಕೆ ಅಕ್ಷರ, ಚುಕ್ಕಿಗೆ ಚುಕ್ಕಿ ಇರಲಿ. ಆಧಾರ್ ಬೇರೆಯಾಗಿದ್ದರೆ ಡಿಸೆಂಬರ್ ಬರುವ ಮೊದಲೇ ಆಧಾರನ್ನು ತಿದ್ದಿಸಿ, ಹತ್ತನೆಯದ್ದನ್ನು ಮುಟ್ಟಲು ಹೋಗಬೇಡಿ. ಎರಡನೆಯದು ಭಾಷೆ: ಸರ್ಟಿಫಿಕೇಟ್ ಇಂಗ್ಲಿಷಿನಲ್ಲಿಯೇ ಬೇಕೆಂದು ಅಕ್ಷಯದಲ್ಲಿ ಮೊದಲೇ ಹೇಳಿ. ಮಲಯಾಳದಲ್ಲಿ ಬಂದ ಕಾಗದವನ್ನು ಹೊರರಾಜ್ಯದ ವಿಶ್ವವಿದ್ಯಾಲಯ ತಿರುಗಿಸಿ ಕಳಿಸಬಹುದು. ಮೂರನೆಯದು ಉದ್ದೇಶ. ಯಾವ ಕಾರಣಕ್ಕೆ ಎಂಬ ಜಾಗದಲ್ಲಿ ‘ವಿದ್ಯಾಭ್ಯಾಸ’ ಎಂದು ಬರೆಸಿ.

ಜಾತಿ ಪ್ರಮಾಣಪತ್ರಕ್ಕೆ ಇನ್ನಷ್ಟು ಗಮನ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕೆಲವು ಸಲ ತಾಲೂಕಿನಿಂದ ತಾಲೂಕಿಗೂ ಬೇರೆ. ಮರಾಟಿ ಸಮುದಾಯವನ್ನೇ ನೋಡಿ. ಕೇರಳದ ಎಸ್‌ಟಿ ಪಟ್ಟಿಯಿಂದ ಅದು 2002ರ ಕಾಯ್ದೆಯಿಂದ ಹೊರಬಿತ್ತು, 2013ರಲ್ಲಿ ಮತ್ತೆ ಸೇರಿತು. ಸೇರಿದ್ದು ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ಮಟ್ಟಿಗೆ. ಮಂಗಳೂರಿನ ಅಜ್ಜನ ಮನೆಯ ವಿಳಾಸದಲ್ಲಿ ಕರ್ನಾಟಕದ ತಹಶೀಲ್ದಾರರಿಂದ ಪಡೆದ ಕಾಗದ ಇಲ್ಲಿ ಓದಿ ಬೆಳೆದ ಮಗುವಿಗೆ ಕೆಲಸಕ್ಕೆ ಬರಲಿಕ್ಕಿಲ್ಲ, ಹುಟ್ಟು ನೆಲೆಯ ರಾಜ್ಯದ್ದೇ ಬೇಕು. ಒಬಿಸಿಯವರು ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟಿನ ಎರಡು ನಮೂನೆಗಳನ್ನೂ ಮಾಡಿಸಿಕೊಳ್ಳಬೇಕು: ರಾಜ್ಯದ್ದು ಒಂದು, ಕೇಂದ್ರ ಸರಕಾರದ ನಮೂನೆ ಇನ್ನೊಂದು. ಅಖಿಲ ಭಾರತ ಒಬಿಸಿ ಸೀಟಿಗೆ ಕೇಂದ್ರದ ನಮೂನೆಯನ್ನೇ ಕೇಳುತ್ತಾರೆ. ಹಳೆಯ ವರ್ಷದ್ದನ್ನು ತಂದು ಪರಿಶೀಲನೆಯ ದಿನ ಕಣ್ಣೀರಿಡುವುದು ಬೇಡ, ಆ ವರ್ಷದ್ದೇ ಇರಲಿ.

ಬೇರೆ ಗಡಿಗಳವರಿಗೆ ಸೂತ್ರ ಇದೇ, ಊರು ಬೇರೆ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರದವರಿಗೆ ಮುಂಬಯಿ, ನಾಗಪುರ, ಔರಂಗಾಬಾದಿನ ಮಹಾರಾಷ್ಟ್ರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಮೂರು ಇವೆ. ಜತೆಗೆ ಮಹಾರಾಷ್ಟ್ರದ ಲಾ ಸಿಇಟಿಯ ಮೂಲಕ ಪುಣೆಯ ಐಎಲ್‌ಎಸ್, ಮುಂಬಯಿಯ ಸರಕಾರಿ ಕಾನೂನು ಕಾಲೇಜು. ಇವೆರಡೂ ಕೋರ್ಟಿನ ವಕೀಲಿಕೆಗೆ ಯಾವ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೂ ಕಡಿಮೆಯಲ್ಲ, ಖರ್ಚು ಬಹಳ ಕಡಿಮೆ. ಹನ್ನೆರಡನೆಯದನ್ನು ವಿಜಯಪುರದಲ್ಲಿ ಓದಿದವರು ಡೊಮಿಸೈಲ್ ನಿಯಮವನ್ನು ಎರಡು ಸಲ ಓದಲಿ. ಆದೋನಿ, ರಾಯದುರ್ಗ, ಮಡಕಶಿರಾ ಕಡೆಯವರಿಗೆ ವಿಶಾಖಪಟ್ಟಣದ ದಾಮೋದರಂ ಸಂಜೀವಯ್ಯ ವಿಶ್ವವಿದ್ಯಾಲಯ. ಆಂಧ್ರದಲ್ಲಿ ‘ಸ್ಥಳೀಯ’ ಎಂಬುದನ್ನು ಓದಿದ ವರ್ಷಗಳಿಂದ ಅಳೆಯುವ ರೂಢಿ ಇರುವುದರಿಂದ ಬಳ್ಳಾರಿಯಲ್ಲಿ ಪಿಯುಸಿ ಮಾಡುವ ನಿರ್ಧಾರಕ್ಕೆ ಬೆಲೆ ತೆರಬೇಕಾಗಬಹುದು. ತಾಳವಾಡಿ, ಹೊಸೂರಿನವರಿಗೆ ತಿರುಚ್ಚಿಯ ತಮಿಳುನಾಡು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್ ಮೂಲಕ. ಚೆನ್ನೈಯ ಸ್ಕೂಲ್ ಆಫ್ ಎಕ್ಸಲೆನ್ಸ್ ಇನ್ ಲಾಗೆ ಪ್ರವೇಶ ಪರೀಕ್ಷೆಯೇ ಇಲ್ಲ, ಪ್ಲಸ್ ಟು ಅಂಕದ ಮೇಲೆ ಸೀಟು.

ಪರೀಕ್ಷೆಯ ಬಗ್ಗೆ ಬೇಕಾದಷ್ಟು ಮಾತ್ರ

ಕ್ಲಾಟ್ 120 ಪ್ರಶ್ನೆ, 120 ನಿಮಿಷ. ತಪ್ಪಿಗೆ ಕಾಲು ಅಂಕ ಕಡಿತ. ಈಚಿನ ವರ್ಷಗಳಲ್ಲಿ ಡಿಸೆಂಬರಿನಲ್ಲಿ ನಡೆಯುತ್ತಿದೆ, ಪೆನ್ನು ಹಿಡಿದು ಒಎಂಆರ್ ಹಾಳೆ ತುಂಬುವ ಪರೀಕ್ಷೆ. ಭಾಷೆ ಇಂಗ್ಲಿಷ್ ಮಾತ್ರ. ಪ್ಲಸ್ ಟುವಿನಲ್ಲಿ 45 ಶೇಕಡಾ ಬೇಕು, ಪರಿಶಿಷ್ಟರಿಗೂ ಅಂಗವಿಕಲರಿಗೂ 40. ವಯಸ್ಸಿನ ಮೇಲ್ಮಿತಿ ಇಲ್ಲ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್‌ನೊಳಗೆ ಇಲ್ಲ, ಅದಕ್ಕೆ ಐಲೆಟ್ ಎಂಬ ಬೇರೆ ಪರೀಕ್ಷೆ, ಬೇರೆ ಶುಲ್ಕ, ಬೇರೆ ಕೌನ್ಸೆಲಿಂಗ್.

ಕನ್ನಡ ಮಾಧ್ಯಮದಿಂದ ಬಂದವರಿಗೆ ಕಾನೂನಿನ ಪ್ರಶ್ನೆ ಕಷ್ಟವಾಗುವುದಿಲ್ಲ, ಓದುವ ವೇಗ ಸಾಲುವುದಿಲ್ಲ. ಸುಮಾರು 450 ಪದಗಳ ಗದ್ಯಭಾಗ ಒಂದಾದ ಮೇಲೊಂದು ಬರುತ್ತದೆ. ದಿನಕ್ಕೆ ಇಂಗ್ಲಿಷ್ ಪತ್ರಿಕೆಯ ಎರಡು ಸಂಪಾದಕೀಯವನ್ನು ಗಡಿಯಾರ ಇಟ್ಟು ಓದಿ, ಪ್ಯಾರಾಕ್ಕೊಂದು ಸಾಲಿನಂತೆ ಕನ್ನಡದಲ್ಲೇ ಸಾರ ಬರೆಯುವ ಅಭ್ಯಾಸವನ್ನು ಹನ್ನೊಂದನೆಯ ತರಗತಿಯಲ್ಲೇ ಶುರುಮಾಡಿದವರಿಗೆ ಇದು ದಾಟುವಂಥದ್ದೇ. ದುಡ್ಡಿಲ್ಲದೆ ಕೋಚಿಂಗಿಗೆ ಹೋಗಲಾಗದವರಿಗೆ ಇಡಿಯಾ ಎಂಬ ಸಂಸ್ಥೆ ತರಬೇತಿ ಕೊಡುತ್ತದೆ. ಶಮ್ನಾದ್ ಬಶೀರ್ ಅದನ್ನು ಶುರುಮಾಡಿದ್ದು ಹಿಂದುಳಿದ ಕಡೆಯ ಮಕ್ಕಳನ್ನು ಈ ಶಾಲೆಗಳೊಳಗೆ ತರಬೇಕೆಂದೇ.

ಪಟ್ಟಿ ಹೇಗೆ ಕೆಲಸ ಮಾಡುತ್ತದೆ

ರ್‍ಯಾಂಕ್ ಬಂದ ಮೇಲೆ ತಪ್ಪಾಗುವುದು ಹೆಚ್ಚಾಗಿ ಆದ್ಯತೆಯ ಪಟ್ಟಿಯಲ್ಲಿ. ಅದು ಕೆಲಸ ಮಾಡುವ ರೀತಿ ಸರಳ. ಕಂಪ್ಯೂಟರ್ ನಿಮ್ಮ ರ್‍ಯಾಂಕ್ ಬಂದಾಗ ಪಟ್ಟಿಯ ಮೊದಲನೆಯ ಹೆಸರು ನೋಡುತ್ತದೆ: ಅಲ್ಲಿ ನಿಮಗೆ ಸಲ್ಲುವ ಯಾವುದಾದರೂ ಸೀಟು ಉಳಿದಿದೆಯೇ? ಇದ್ದರೆ ಕೊಟ್ಟು ಮುಗಿಸುತ್ತದೆ. ಇಲ್ಲದಿದ್ದರೆ ಎರಡನೆಯದು, ಮೂರನೆಯದು. ಮೊದಲ ಜಾಗದಲ್ಲಿ ಬೆಂಗಳೂರು ಬರೆದಿರಿ ಎಂಬ ಕಾರಣಕ್ಕೆ ಐದನೆಯ ಜಾಗದ ನುವಾಲ್ಸ್ ನಿಮಗೆ ತಪ್ಪುವುದಿಲ್ಲ. ಹಾಗಾಗಿ ‘ಸಿಗುವುದನ್ನು ಮೇಲೆ ಬರೆ’ ಎಂಬ ಸಲಹೆ ಎಲ್ಲಿ ಕೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಒಂದು ಉದಾಹರಣೆ. ಇಬ್ಬರು ಹುಡುಗಿಯರಿಗೆ ಒಂದೇ ಮಟ್ಟದ ರ್‍ಯಾಂಕ್, ಇಬ್ಬರೂ ಕೇರಳದ ಕೋಟಾದವರು, ಹೈದರಾಬಾದಿನ ನಲ್ಸಾರ್ ಎರಡನೆಯ ಸುತ್ತಿನಲ್ಲಿ ಸಿಗುವಂಥ ರ್‍ಯಾಂಕ್. ಮೊದಲನೆಯವಳು ಬೆಂಗಳೂರು, ನಲ್ಸಾರ್, ಕೋಲ್ಕತ್ತ, ನುವಾಲ್ಸ್ ಎಂದು ಬರೆದಳು. ಮೊದಲ ಸುತ್ತಿನಲ್ಲಿ ಕೋಲ್ಕತ್ತ ಬಂತು, ಕಾಯುವ ಆಯ್ಕೆಯಾದ ಫ್ಲೋಟ್ ಒತ್ತಿದಳು, ಎರಡನೆಯ ಸುತ್ತಿನಲ್ಲಿ ನಲ್ಸಾರ್‌ಗೆ ಏರಿದಳು. ಎರಡನೆಯವಳು ಹೆದರಿ ನುವಾಲ್ಸನ್ನು ಮೊದಲಿಗೆ ಬರೆದಳು. ಮೊದಲ ಸುತ್ತಿನಲ್ಲೇ ಅದು ಸಿಕ್ಕಿತು. ಫ್ಲೋಟ್ ಒತ್ತಿದರೂ ಅವಳಿಗೆ ಏರಲು ಮೇಲೆ ಮೆಟ್ಟಿಲೇ ಇಲ್ಲ. ಫ್ಲೋಟ್ ಎಂದರೆ ಕೈಯಲ್ಲಿರುವ ಸೀಟು ಹಿಡಿದುಕೊಂಡು ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದಕ್ಕೆ ಕಾಯುವುದು. ಏರಿದ ಕೂಡಲೇ ಹಳೆಯ ಸೀಟು ತಾನಾಗಿ ಹೋಗುತ್ತದೆ, ಹಿಂದಕ್ಕೆ ಬರುವ ದಾರಿ ಇಲ್ಲ. ಫ್ರೀಜ್ ಎಂದರೆ ಇದೇ ಸಾಕು, ಇನ್ನು ಮುಂದಿನ ಸುತ್ತು ಬೇಡ ಎಂದು. ಎಕ್ಸಿಟ್ ಒತ್ತಿದರೆ ಪೂರ್ತಿ ಹೊರಗೆ. ಮೂರರಲ್ಲಿ ಒಂದನ್ನು ಗಡುವಿನೊಳಗೆ ಒತ್ತದೆ, ಹಣ ಕಟ್ಟದೆ ಸುಮ್ಮನಿದ್ದರೂ ಸೀಟು ಹೋಗುತ್ತದೆ. ಕೊನೆಯ ದಿನ ಸಂಜೆ ಮೊಬೈಲಿನಲ್ಲಿ ಕಟ್ಟಲು ಹೋಗಿ ಬ್ಯಾಂಕಿನ ದಿನದ ಮಿತಿ ಅಡ್ಡ ಬಂದರೆ ಮಾಡುವುದೇನೂ ಉಳಿಯುವುದಿಲ್ಲ, ಮಿತಿಯನ್ನು ಮೊದಲೇ ಏರಿಸಿಟ್ಟುಕೊಳ್ಳಿ.

ಇದರಿಂದ ಹುಟ್ಟುವ ನಿಯಮ ಒಂದು: ಯಾವ ಹೆಸರಿಗೆ ಏರಿದರೆ ನಿಮಗೆ ನಿಜವಾಗಿ ಸಂತೋಷವೋ ಅದನ್ನು ಮಾತ್ರ ಮೇಲೆ ಇಡಿ. ರ್‍ಯಾಂಕಿಂಗ್ ನೋಡಿ ಗುಜರಾತಿನ ಗಾಂಧಿನಗರವನ್ನು ನುವಾಲ್ಸ್‌ಗಿಂತ ಮೇಲೆ ಬರೆದು, ಫ್ಲೋಟ್ ಮಾಡಿ, ಏರಿದ ಮೇಲೆ ‘ಅಯ್ಯೋ ಅಷ್ಟು ದೂರ’ ಎನ್ನುವ ಮನೆಯವರಿಗೆ ಪರಿಹಾರ ಇಲ್ಲ. ಕೌನ್ಸೆಲಿಂಗ್ ನೋಂದಣಿಗೆ ಈಚಿನ ವರ್ಷಗಳಲ್ಲಿ 30,000 ರೂಪಾಯಿ, ಮೀಸಲಾತಿಯವರಿಗೆ 20,000. ಸೀಟು ಖಾತ್ರಿಗೆ ಮತ್ತೆ 20,000. ಹಣ ಯಾವ ಹಂತದ ತನಕ ಹಿಂದಿರುಗುತ್ತದೆ ಎಂಬ ದಿನಾಂಕವನ್ನು ಆ ವರ್ಷದ ಪ್ರಕಟಣೆಯಲ್ಲಿ ಓದಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಹಿಂದಿನ ವರ್ಷ ಯಾವ ರ್‍ಯಾಂಕಿಗೆ ಸೀಟು ಮುಗಿಯಿತು ಎಂದು ನೋಡುವಾಗ ಮೊದಲ ಸುತ್ತಿನ ಪಟ್ಟಿ ನೋಡಿ ಹತಾಶರಾಗಬೇಡಿ, ಕೊನೆಯ ಸುತ್ತಿನದ್ದು ನೋಡಿ. ನಿಮ್ಮ ವರ್ಗದ ಸಾಲನ್ನೇ ನೋಡಿ. ಅಖಿಲ ಭಾರತ ಸಾಮಾನ್ಯ ಸಾಲಿಗೂ ಕೇರಳ ಸಾಮಾನ್ಯ ಸಾಲಿಗೂ ಇರುವ ಅಂತರ ಅಲ್ಲಿಯೇ ಕಣ್ಣಿಗೆ ಬೀಳುತ್ತದೆ.

ಹಾಗಾದರೆ ಯಾವುದು ಮೇಲೆ?

ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಎಂಬ ಶಿಕ್ಷಣ ಸಂಸ್ಥೆಗಳ ಶ್ರೇಯಾಂಕ ಪಟ್ಟಿಯಲ್ಲಿ ಕಾನೂನು ವಿಭಾಗ 2018ರಲ್ಲಿ ಶುರುವಾದಾಗಿನಿಂದ ಬೆಂಗಳೂರೇ ಮೊದಲು. ದೆಹಲಿ, ಹೈದರಾಬಾದು ಅದರ ಹಿಂದೆ. ಈ ಮೂರರಲ್ಲಿ ಯಾವುದು ಸಿಕ್ಕಿದರೂ, ಸಾಲ ತೀರಿಸುವ ದಾರಿ ಕಾಣುತ್ತಿದ್ದರೆ, ಹೋಗಬೇಕು. ಕೋಲ್ಕತ್ತದ ಎನ್‌ಯುಜೆಎಸ್‌ಗೂ ಅದೇ ಮಾತು. ದೊಡ್ಡ ಲಾ ಫರ್ಮುಗಳು (ವಕೀಲರ ಸಂಸ್ಥೆಗಳು) ಕ್ಯಾಂಪಸ್ಸಿಗೆ ಬಂದು ಮಕ್ಕಳನ್ನು ಆರಿಸುವುದು, ಸುಪ್ರೀಂ ಕೋರ್ಟಿನ ಹಿರಿಯರ ಕಚೇರಿಗಳಲ್ಲಿ ಹಳೆಯ ವಿದ್ಯಾರ್ಥಿಗಳು ಇರುವುದು, ವಿದೇಶದ ಸ್ನಾತಕೋತ್ತರಕ್ಕೆ ಹೆಸರು ನಡೆಯುವುದು ಇಲ್ಲಿ ನಿಜ. ಬೆಂಗಳೂರು ಮತ್ತು ಕೋಲ್ಕತ್ತ ಎರಡನ್ನೂ ಕಟ್ಟಿ ನಿಲ್ಲಿಸಿದವರು ತಿರುವನಂತಪುರದ ಎನ್. ಆರ್. ಮಾಧವ ಮೆನನ್. ಐದು ವರ್ಷದ ಕಾನೂನು ಪದವಿಗೆ ಈ ದೇಶದಲ್ಲಿ ಗೌರವ ಬಂದದ್ದು ಅವರಿಂದ. ಬೆಂಗಳೂರಿನಲ್ಲಿ ಸೆಮಿಸ್ಟರ್ ಅಲ್ಲ, ವರ್ಷಕ್ಕೆ ಮೂರು ಅವಧಿಯ ಟ್ರೈಮಿಸ್ಟರ್. ಪ್ರಾಜೆಕ್ಟು, ಮೌಖಿಕ ಪರೀಕ್ಷೆ ಬೆನ್ನಿಗೇ ಇರುತ್ತವೆ. ನಿಧಾನವಾಗಿ ಕಲಿಯುವವರು ಮೊದಲ ವರ್ಷಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಬೇಕು.

ಅದರ ಕೆಳಗೆ ಜೋಧಪುರ, ಗಾಂಧಿನಗರ, ಭೋಪಾಲ, ರಾಯಪುರ, ಕೊಚ್ಚಿ, ಮುಂಬಯಿ, ತಿರುಚ್ಚಿ ಮುಂತಾದವು ಬಂದಾಗ ಪಟ್ಟಿಯ ಒಂದೆರಡು ಸ್ಥಾನದ ವ್ಯತ್ಯಾಸಕ್ಕೆ ಅರ್ಥವಿಲ್ಲ. ಫರ್ಮಿನ ಕೆಲಸವೇ ಗುರಿಯಾದವರು ಗಾಂಧಿನಗರ, ಜೋಧಪುರ, ಮುಂಬಯಿಯನ್ನು ಮೇಲೆ ಇಡಲಿ. ಮುಂಬಯಿ ಹೊಸದಾದರೂ, 2014ರದ್ದಾದರೂ, ಫರ್ಮುಗಳ ಊರಿನಲ್ಲೇ ಇದೆ. ವಕೀಲಿಕೆ, ನ್ಯಾಯಾಂಗ ಸೇವೆ, ಕೇರಳ ಹೈಕೋರ್ಟು ಗುರಿಯಾದವರಿಗೆ ನುವಾಲ್ಸ್ ಇವೆಲ್ಲಕ್ಕಿಂತ ಮೇಲೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೈಕೋರ್ಟು ಅದೇ ನಗರದಲ್ಲಿದೆ, ರಜೆಗೆ ಕಾಯದೆ ಇಂಟರ್ನ್‌ಶಿಪ್ ಮಾಡಬಹುದು. ಮಲಬಾರ್ ಎಕ್ಸ್‌ಪ್ರೆಸ್ಸೋ ಮಾವೇಲಿಯೋ ಹತ್ತಿದರೆ ರಾತ್ರಿ ಕಳೆಯುವುದರೊಳಗೆ ಮನೆ. ಜೋಧಪುರದಿಂದ ಬರುವ ಹುಡುಗನಿಗೆ ವರ್ಷಕ್ಕೆ ಎರಡು ಸಲ ಊರು ಕಂಡರೆ ಹೆಚ್ಚು.

ಪಟ್ಟಿಯ ತೀರಾ ಕೆಳಗಿನ ಹೊಸ ವಿಶ್ವವಿದ್ಯಾಲಯಗಳ ಬಗ್ಗೆ ನೇರ ಮಾತು: ‘ರಾಷ್ಟ್ರೀಯ’ ಎಂಬ ಹೆಸರಿಗಾಗಿ ಎರಡು ಸಾವಿರ ಕಿಲೋಮೀಟರ್ ದೂರ, ಇನ್ನೂ ಸ್ವಂತ ಕಟ್ಟಡ, ಗ್ರಂಥಾಲಯ ನೆಲೆಯಾಗದ ಕಡೆಗೆ ಲಕ್ಷಗಟ್ಟಲೆ ಕಟ್ಟಿ ಹೋಗುವ ಮೊದಲು ಕೋಯಿಕ್ಕೋಡು ಅಥವಾ ಎರ್ನಾಕುಳಂನ ಸರಕಾರಿ ಲಾ ಕಾಲೇಜನ್ನು ಎದುರಿಗೆ ಇಟ್ಟು ತೂಗಿ. ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರು ನಡೆಸುವ ಐದು ವರ್ಷದ ಎಲ್‌ಎಲ್‌ಬಿ ಪರೀಕ್ಷೆ ಬರೆದರೆ ಸೀಟು, ಶುಲ್ಕ ಕೆಲವೇ ಸಾವಿರ. ಕ್ಲಾಟ್ ಬರೆಯುವ ಪ್ರತಿಯೊಬ್ಬರೂ ಇದನ್ನೂ ಬರೆಯಬೇಕು. ಕನ್ನಡದ ಕೋರ್ಟಿನಲ್ಲೇ ನಿಲ್ಲುವ ಆಸೆಯವರಿಗೆ ಮಂಗಳೂರಿನ ಎಸ್‌ಡಿಎಂ, ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜುಗಳು ಇವೆ. ಡಿಗ್ರಿ ಮುಗಿಸಿದವರಿಗೆ ಮೂರು ವರ್ಷದ ದಾರಿ ಬೇರೆ: ಬೆಂಗಳೂರಿನ ಲಾ ಸ್ಕೂಲಿಗೆ ಎನ್‌ಎಲ್‌ಸ್ಯಾಟ್ ಎಂಬ ಬೇರೆ ಪರೀಕ್ಷೆ, ಇಲ್ಲಿಯೇ ಬೇಕೆಂದರೆ ಕಣ್ಣೂರು ವಿಶ್ವವಿದ್ಯಾಲಯದ ಮಂಜೇಶ್ವರ ಕ್ಯಾಂಪಸ್ಸು.

ಸೀನಿಯರ್‌ಗಳಿಗೆ ಫೋನು ಮಾಡಿ ಕೇಳಬೇಕಾದದ್ದು

ಕಾಲೇಜಿನ ಬಣ್ಣದ ಪುಸ್ತಿಕೆಯಲ್ಲಿ ‘ಅತಿ ಹೆಚ್ಚು ಸಂಬಳ’ ದಪ್ಪ ಅಕ್ಷರದಲ್ಲಿರುತ್ತದೆ. ಅದು ಒಬ್ಬನ ಸಂಬಳ. ಬೇಕಾದದ್ದು ನಡುವಿನವನ ಸಂಬಳ: ಇಡೀ ತರಗತಿಯನ್ನು ಸಂಬಳದ ಕ್ರಮದಲ್ಲಿ ನಿಲ್ಲಿಸಿದರೆ ಮಧ್ಯದಲ್ಲಿ ನಿಂತವನಿಗೆ ಎಷ್ಟು? ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದಿದ್ದರೆ, ಪ್ಲೇಸ್‌ಮೆಂಟಿಗೆ ಹೆಸರು ಕೊಟ್ಟವರಲ್ಲಿ ನೂರಕ್ಕೆ ನೂರೋ, ತರಗತಿಯಲ್ಲಿ ನೂರಕ್ಕೆ ನೂರೋ ಎಂದು ಕೇಳಿ. ತರಗತಿಯ ಎಷ್ಟೋ ಜನ ಹೆಸರೇ ಕೊಟ್ಟಿರುವುದಿಲ್ಲ.

ಪಾಠದ ಬಗ್ಗೆ ಕೇಳುವಾಗ ‘ಟೀಚರ್ಸ್ ಹೇಗಿದ್ದಾರೆ’ ಎಂದರೆ ‘ಪರವಾಗಿಲ್ಲ’ ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ: ಸಿವಿಲ್ ಪ್ರೊಸೀಜರ್ ಕೋಡ್ ಕಳೆದ ವರ್ಷ ಪಾಠ ಮಾಡಿದ್ದು ಖಾಯಂ ಅಧ್ಯಾಪಕರೋ, ಹೊರಗಿಂದ ಬಂದವರೋ? ಸಾಕ್ಷ್ಯದ ಕಾನೂನಿನ ಪಾಠ ಪೂರ್ತಿಯಾಯಿತೇ? ಈ ಎರಡು ವಿಷಯ ಗಟ್ಟಿಯಾಗಿ ಕಲಿಸುವ ಜಾಗದಿಂದ ಬಂದವರು ಕೋರ್ಟಿನಲ್ಲಿ ಮೊದಲ ವರ್ಷವೇ ನೆಲೆ ಕಾಣುತ್ತಾರೆ. ನಂತರ ಹಾಸ್ಟೆಲ್ಲು: ಐದೂ ವರ್ಷ ಕೊಡುತ್ತಾರೋ, ಕೊನೆಯ ಎರಡು ವರ್ಷ ಹೊರಗೆ ರೂಮು ಹುಡುಕಬೇಕೋ? ಶುಲ್ಕ ಕಳೆದ ಮೂರು ವರ್ಷದಲ್ಲಿ ಎಷ್ಟು ಸಲ ಏರಿತು? ಬಾರ್ ಕೌನ್ಸಿಲಿನ 70 ಶೇಕಡಾ ಹಾಜರಿ ನಿಯಮವನ್ನು ಇಂಟರ್ನ್‌ಶಿಪ್ ಮಾಡುವವರಿಗೆ ಹೇಗೆ ಅನ್ವಯಿಸುತ್ತಾರೆ? ಒಬ್ಬರನ್ನಲ್ಲ, ಎರಡನೆಯ ವರ್ಷದ ಒಬ್ಬರು, ಐದನೆಯ ವರ್ಷದ ಒಬ್ಬರು, ಹೊರಬಂದು ಮೂರು ವರ್ಷವಾದ ಒಬ್ಬರು, ಹೀಗೆ ಮೂವರನ್ನು ಕೇಳಿ.

ಹಣ

ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಹಾಸ್ಟೆಲ್ಲು, ಊಟ ಸೇರಿ ವರ್ಷಕ್ಕೆ ಎರಡೂವರೆ ಲಕ್ಷದಿಂದ ನಾಲ್ಕು ಲಕ್ಷದ ಮೇಲಿನ ತನಕ ಹೋಗುತ್ತದೆ. ಐದರಿಂದ ಗುಣಿಸಿ, ಮೇಲೆ ಪ್ರಯಾಣ, ಲ್ಯಾಪ್‌ಟಾಪು, ದೆಹಲಿ ಮುಂಬಯಿಯ ಇಂಟರ್ನ್‌ಶಿಪ್ ತಿಂಗಳುಗಳ ಬಾಡಿಗೆ ಸೇರಿಸಿ. ಆ ಬಾಡಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಅದಿಲ್ಲದೆ ಫರ್ಮಿನ ಕೆಲಸ ಸಿಗುವುದು ಕಷ್ಟ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡವಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ 3 ಶೇಕಡಾ ಕಡಿತ. ಪರಿಶಿಷ್ಟ ಜಾತಿಯವರಿಗೆ ಟಾಪ್ ಕ್ಲಾಸ್ ಸ್ಕಾಲರ್‌ಶಿಪ್ ಇದೆ, ಅಲ್ಲಿಯೂ ವರಮಾನದ ಮಿತಿ 8 ಲಕ್ಷವೇ. ನಿಮ್ಮ ವಿಶ್ವವಿದ್ಯಾಲಯ ಆ ವರ್ಷದ ಪಟ್ಟಿಯಲ್ಲಿ ಇದೆಯೇ ಎಂದು ಸೀಟು ಖಾತ್ರಿ ಮಾಡುವ ಮೊದಲೇ ನೋಡಿ. ಅಡಿಕೆ ತೋಟದ ಮನೆಯವರು ಕೃಷಿ ವರಮಾನದ ಸರ್ಟಿಫಿಕೇಟಿಗೆ ವಿಲೇಜ್ ಆಫೀಸಿಗೆ ಎರಡು ಸಲವಾದರೂ ಓಡಾಡಬೇಕಾಗುತ್ತದೆ, ಏಪ್ರಿಲಿನಲ್ಲೇ ಅರ್ಜಿ ಕೊಡಿ.

ಕಲಿತು ನಿಲ್ಲುವುದು ಎಲ್ಲಿ?

ಗಡಿನಾಡಿನಲ್ಲಿ ಈ ಪ್ರಶ್ನೆಯನ್ನು ಬೇರೆಯವರಿಗಿಂತ ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಉತ್ತರ ಭಾಷೆಯಲ್ಲಿದೆ. ಕೇರಳದ ಮುನ್ಸಿಫ್ ಮ್ಯಾಜಿಸ್ಟ್ರೇಟ್ ಹುದ್ದೆಗೆ ಮಲಯಾಳದ ಓದುಬರಹ ಬೇಕು, ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕನ್ನಡ. ಎರಡಕ್ಕೂ ಮೊದಲು ಮೂರು ವರ್ಷ ವಕೀಲರಾಗಿ ಕೆಲಸ ಮಾಡಿರಬೇಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿತು. ಹಾಗಾಗಿ ಡಿಗ್ರಿ ಮುಗಿದ ಕೂಡಲೇ ನ್ಯಾಯಾಧೀಶನಾಗುವ ಲೆಕ್ಕ ಹಾಕಿ ಶಾಲೆ ಆರಿಸಬೇಡಿ. ಆ ಮೂರು ವರ್ಷ ಯಾವ ಕೋರ್ಟಿನಲ್ಲಿ, ಯಾರ ಕೈಕೆಳಗೆ ಎಂಬುದು ಅಷ್ಟೇ ಮುಖ್ಯ. ಆ ನಂಟು ಓದಿದ ಊರಿನಲ್ಲೇ ಬೆಳೆಯುತ್ತದೆ.

ಕನ್ನಡ ಮಾಧ್ಯಮದ ನಮ್ಮ ಮಕ್ಕಳಲ್ಲಿ ಹಲವರು ಮಲಯಾಳ ಸರಾಗವಾಗಿ ಮಾತಾಡುತ್ತಾರೆ, ಬರೆಯಲು ಕೈ ಬರುವುದಿಲ್ಲ. ಕೊಚ್ಚಿಯಲ್ಲೋ ಕೋಯಿಕ್ಕೋಡಿನಲ್ಲೋ ಓದುವ ಐದು ವರ್ಷದಲ್ಲಿ ಇದನ್ನು ಸರಿಪಡಿಸಿಕೊಂಡರೆ ಆಗುವ ಲಾಭ ಸಣ್ಣದಲ್ಲ. ವಿದ್ಯಾನಗರದ ಜಿಲ್ಲಾ ಕೋರ್ಟಿಗೂ ಹೊಸದುರ್ಗದ ಕೋರ್ಟಿಗೂ ಬರುವ ಜಮೀನಿನ ವ್ಯಾಜ್ಯಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಾಲದ, 1956ರ ಮುಂಚಿನ ಆಧಾರಗಳು ಕನ್ನಡದಲ್ಲಿವೆ. ಅನಂತರದವು ಮಲಯಾಳದಲ್ಲಿ. ವರ್ಗದ (ಸ್ವಂತ ಹಕ್ಕಿನ) ಜಮೀನೋ ಮೂಲಗೇಣಿಯೋ (ಶಾಶ್ವತ ಗೇಣಿಯೋ) ಎಂಬುದನ್ನು ಹಳೆಯ ಕೈಬರಹದಲ್ಲಿ ಓದಿ, ಅದನ್ನೇ ಮಲಯಾಳದಲ್ಲಿ ಕಕ್ಷಿದಾರರಿಗೂ ಇಂಗ್ಲಿಷಿನಲ್ಲಿ ಕೋರ್ಟಿಗೂ ಹೇಳಬಲ್ಲ ವಕೀಲರು ಕಡಿಮೆಯಾಗುತ್ತಿದ್ದಾರೆ. ಈ ಜಿಲ್ಲೆಗೆ ಅಂಥವರ ಅಗತ್ಯ ಇದೆ.

ವಕೀಲಿಕೆಯ ಸನ್ನದು ಯಾವ ರಾಜ್ಯದ ಬಾರ್ ಕೌನ್ಸಿಲಿನಲ್ಲಿ ಬೇಕಾದರೂ ಪಡೆಯಬಹುದು, ಕೇರಳದಲ್ಲಿ ಓದಿದವರು ಕರ್ನಾಟಕದಲ್ಲೂ. ನೋಂದಣಿ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125. ಕಾಯ್ದೆಯಲ್ಲಿರುವ ಈ ಮೊತ್ತಕ್ಕಿಂತ ಹೆಚ್ಚು ವಸೂಲಿ ಮಾಡಬಾರದೆಂದು ಸುಪ್ರೀಂ ಕೋರ್ಟು 2024ರಲ್ಲಿ ತೀರ್ಪು ಕೊಟ್ಟಿದೆ.

ಸೀಟು ಗಟ್ಟಿಯಾದ ಮೇಲೆ ಉಳಿಯುವುದು ಕಾಗದದ ಚೀಲ. ಹತ್ತನೆಯ ಮತ್ತು ಪ್ಲಸ್ ಟು ಅಂಕಪಟ್ಟಿ, ಟಿಸಿ, ನಡತೆ ಪತ್ರ, ನೇಟಿವಿಟಿ, ಜಾತಿ ಮತ್ತು ವರಮಾನದ ಪತ್ರ, ಕ್ಲಾಟ್ ಹಾಲ್ ಟಿಕೆಟ್, ಹಣ ಕಟ್ಟಿದ ರಶೀದಿ. ಹೊರರಾಜ್ಯಕ್ಕೆ ಹೋಗುವವರಿಗೆ ಬೋರ್ಡಿನ ಮೈಗ್ರೇಶನ್ ಸರ್ಟಿಫಿಕೇಟೂ ಬೇಕು, ಟಿಸಿ ತೆಗೆದುಕೊಂಡ ವಾರವೇ ಅದಕ್ಕೂ ಅರ್ಜಿ ಹಾಕಿ. ಎಲ್ಲದರದ್ದೂ ನಾಲ್ಕು ಜೆರಾಕ್ಸ್, ಒಂದು ಸ್ಕ್ಯಾನ್. ಮೂಲ ಟಿಸಿಯನ್ನು ಒಂದು ಕಾಲೇಜಿಗೆ ಕೊಟ್ಟ ಮೇಲೆ ಅಲ್ಲಿಂದ ಹಿಂದಕ್ಕೆ ಪಡೆಯಲು ಹಲವು ದಿನ ಹಿಡಿಯುತ್ತದೆ. ಆದ್ದರಿಂದ ಕ್ಲಾಟ್‌ನ ಕೊನೆಯ ಸುತ್ತು ಮುಗಿಯುವ ತನಕ ಬೇರೆಲ್ಲಿ ಸೇರಿದರೂ ಮೂಲವನ್ನು ಕೊಡಲು ಸಮಯ ಕೇಳಿ, ಬರೆದುಕೊಡಿ ಎಂದರೆ ಬರೆದೇ ಕೊಡಿ.